ಕಾಪುವಿನ ಪಾಚಿಗೆ ಮಣಿಪಾಲದಲ್ಲೇನು ಕೆಲಸ?

ಆಸ್ಪತ್ರೆಯ ಸೂಕ್ಷ್ಮಾಣು ಪ್ರಯೋಗಾಲಯಗಳಲ್ಲಿ ಬೆಳಗಾಗುವುದೇ ಹಿಂದಿನ ದಿನ ಇಟ್ಟ ಪ್ಲೇಟುಗಳನ್ನು ತೆಗೆದು ನೋಡುವುದರಿಂದ. ಅಂಗೈಯಗಲದ ದುಂಡು ತಟ್ಟೆ. ಅದರೊಳಗೆ ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಗಟ್ಟಿಯಾದ ಮಾಸಲು ಹಳದಿ ಜೆಲ್ಲಿ. ಜೆಲ್ಲಿಯ ಮೇಲೆ ರೋಗಿಯ ಕೀವಿನಿಂದಲೋ ಮೂತ್ರದಿಂದಲೋ ಬೇರ್ಪಡಿಸಿ ಬಳಿದ ಬ್ಯಾಕ್ಟೀರಿಯಾ. ಅಲ್ಲಲ್ಲಿ ಕಾಗದದ ಪುಟ್ಟ ಬಿಲ್ಲೆಗಳು, ಒಂದೊಂದರಲ್ಲಿ ಒಂದೊಂದು ಆ್ಯಂಟಿಬಯಾಟಿಕ್. ಬಿಲ್ಲೆಯ ಸುತ್ತ ಏನೂ ಬೆಳೆಯದೆ ತಿಳಿಯಾದ ವೃತ್ತ ಉಳಿದಿದ್ದರೆ, ಆ ವೃತ್ತ ಸಾಕಷ್ಟು ಅಗಲವೂ ಇದ್ದರೆ, ಮದ್ದು ನಾಟುತ್ತದೆ ಎಂದರ್ಥ. ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಹರಡಿದ್ದರೆ ಡಾಕ್ಟರು ಬೇರೆ ಮದ್ದು ಹುಡುಕಬೇಕು.

ಕಡಲಪಾಚಿಯಿಂದ ರೋಗಾಣು ಕೊಲ್ಲುವ ಹೊಸ ಮದ್ದು ಸಿಕ್ಕೀತೇ ಎಂಬ ಪ್ರಶ್ನೆ ಈಗೀಗ ಪತ್ರಿಕೆಗಳಲ್ಲಿ ಪದೇಪದೇ ಕಾಣಿಸುತ್ತಿದೆ. ಆದರೆ ಆ ಪ್ರಶ್ನೆಯನ್ನು ಪರೀಕ್ಷೆಗಿಡುವ ತಟ್ಟೆಯ ಜೆಲ್ಲಿ ಇದೆಯಲ್ಲ, ಅದೇ ಕಡಲಪಾಚಿ. ಅದರ ಹೆಸರು ಅಗರ್. ಜೆಲಿಡಿಯಮ್, ಗ್ರಾಸಿಲೇರಿಯಾ ಮುಂತಾದ ಕೆಂಪು ಪಾಚಿಗಳನ್ನು ಕುದಿಸಿ ತೆಗೆಯುವ ಅಂಟು. ಈ ಪರೀಕ್ಷೆಗೆ ಬಳಸುವ ಮಾಧ್ಯಮದಲ್ಲಿ ಲೀಟರಿಗೆ 17 ಗ್ರಾಂ ಅಗರ್ ಇರುತ್ತದೆ.

ಉಡುಪಿ ಪೇಟೆಯ ದಿನಸಿ ಅಂಗಡಿಯಲ್ಲಿ ಕೇಳಿದರೆ ಇದೇ ಪದಾರ್ಥವನ್ನು ಚೈನಾಗ್ರಾಸ್ ಎಂದು ಕೊಡುತ್ತಾರೆ. ಹಾಲು ಸಕ್ಕರೆಯೊಂದಿಗೆ ಕುದಿಸಿ ತಣಿಯಲು ಬಿಟ್ಟರೆ ಪುಡ್ಡಿಂಗ್ ಸಿದ್ಧ. ಪ್ರಯೋಗಾಲಯಕ್ಕೆ ಅದು ಹೋದದ್ದೂ ಅಡುಗೆಮನೆಯಿಂದಲೇ. 1881–82ರಲ್ಲಿ ಬರ್ಲಿನ್‌ನಲ್ಲಿ ರಾಬರ್ಟ್ ಕೋಖ್ ಅವರ ಬಳಿ ದುಡಿಯುತ್ತಿದ್ದ ವಾಲ್ಟರ್ ಹೆಸ್ಸೆ ಎಂಬ ವೈದ್ಯರಿಗೆ ಜೆಲಟಿನ್‌ನ ಕಾಟ ಸಾಕಾಗಿತ್ತು: ಸೆಕೆಗೆ ಅದು ಕರಗುತ್ತಿತ್ತು, ಕೆಲವು ಬ್ಯಾಕ್ಟೀರಿಯಾ ಅದನ್ನೇ ತಿಂದು ನೀರು ಮಾಡುತ್ತಿದ್ದವು. ಗಂಡನ ಪ್ರಯೋಗಗಳಿಗೆ ಚಿತ್ರ ಬರೆದುಕೊಡುತ್ತ, ಕೆಲಸದಲ್ಲೂ ಕೈಜೋಡಿಸುತ್ತಿದ್ದ ಫ್ಯಾನಿ ಹೆಸ್ಸೆ ತಾನು ಮನೆಯಲ್ಲಿ ಜೆಲ್ಲಿಗೆ ಹಾಕುವ ಅಗರ್ ಬಳಸಿ ನೋಡಿ ಎಂದಳು. ಜಾವಾದಲ್ಲಿದ್ದು ಬಂದ ಪರಿಚಯದವರಿಂದ ಅವಳು ಕಲಿತ ಪಾಕ ಅದು. ಒಮ್ಮೆ ಗಟ್ಟಿಯಾದ ಅಗರ್ ಮತ್ತೆ ಕರಗಬೇಕಾದರೆ ಸುಮಾರು 85 ಡಿಗ್ರಿ ಬೇಕು. ಉಡುಪಿಯ ಏಪ್ರಿಲ್ ತಿಂಗಳಲ್ಲಿ ಜೆಲಟಿನ್ ಪ್ಲೇಟು ಮೇಜಿನ ಮೇಲಿದ್ದಂತೆಯೇ ನೀರಾಗುತ್ತಿತ್ತು, ಅಗರ್ ಅಲುಗುವುದಿಲ್ಲ. ಕ್ಷಯದ ರೋಗಾಣುವನ್ನು ಕಂಡುಹಿಡಿದ 1882ರ ಪ್ರಬಂಧದಲ್ಲಿ ಕೋಖ್ ಅಗರ್ ಬಳಕೆಯನ್ನು ಹೇಳಿದರು, ಫ್ಯಾನಿಯ ಹೆಸರು ಹೇಳಲಿಲ್ಲ. ಆ ಸಲಹೆಯಿಂದ ಅವಳಿಗೆ ಒಂದು ಕಾಸೂ ಬರಲಿಲ್ಲ.

ಹೀಗೆ ಕಡಲಪಾಚಿ ವೈದ್ಯಲೋಕಕ್ಕೆ ಹೊಸ ಅತಿಥಿಯೇನಲ್ಲ. ಹೊಸದಾಗಿರುವುದು ಅದರಿಂದ ನಾವು ಬಯಸುತ್ತಿರುವುದು.

ಬಯಕೆಗೆ ಕಾರಣ ಗಟ್ಟಿಯಾಗಿಯೇ ಇದೆ. 2019ರ ಒಂದೇ ವರ್ಷದಲ್ಲಿ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು 2022ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಅಧ್ಯಯನ ಲೆಕ್ಕ ಹಾಕಿತು. ಆಸ್ಪತ್ರೆಯ ಆಚೆಗೂ ಸೂಕ್ಷ್ಮಾಣುಗಳನ್ನು ಕೊಲ್ಲಲು ನಾವು ಬಳಸುವ ರಾಸಾಯನಿಕಗಳು ಒಂದೆರಡಲ್ಲ. ಸೋಪಿನಲ್ಲಿದ್ದ ಟ್ರೈಕ್ಲೋಸಾನ್, ದೋಣಿಯ ತಳಕ್ಕೆ ಬಳಿಯುವ ತಾಮ್ರದ ಬಣ್ಣ, ಅಡಿಕೆಗೆ ಹೊಡೆಯುವ ಮೈಲುತುತ್ತು, ಬಾಯಿ ಮುಕ್ಕಳಿಸುವ ಕ್ಲೋರ್‌ಹೆಕ್ಸಿಡಿನ್ ಎಲ್ಲವೂ ಆ ಪಟ್ಟಿಯಲ್ಲಿವೆ. ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳಿರುವ ಕೈತೊಳೆಯುವ ಸೋಪುಗಳು ಸಾದಾ ಸೋಪು ನೀರಿಗಿಂತ ಮೇಲೆಂಬುದಕ್ಕೆ ತಯಾರಕರು ಪುರಾವೆ ಒದಗಿಸಲಿಲ್ಲವೆಂದು ಅಮೆರಿಕ 2016ರಲ್ಲಿ ಅವುಗಳ ಮಾರಾಟಕ್ಕೆ ತಡೆ ಹಾಕಿತು. ಹಾಗಾದರೆ ಬದಲಿಗೆ ಏನು?

ಉತ್ತರ ಹುಡುಕಿಕೊಂಡು ಉಡುಪಿಯಿಂದ ದಕ್ಷಿಣಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಕಾಪು. 1901ರಲ್ಲಿ ಕಟ್ಟಿದ ದೀಪಸ್ತಂಭ ನಿಂತಿರುವ ಬಂಡೆಯ ಬುಡದಲ್ಲಿ ಪಾದೆಕಲ್ಲುಗಳ ಸಾಲು ಕಡಲಿಗಿಳಿದಿದೆ. ಪ್ರವಾಸಿಗಳು ಮೆಟ್ಟಿಲು ಹತ್ತಿ ಸೂರ್ಯಾಸ್ತ ನೋಡುತ್ತಾರೆ. ಕಾಲಡಿಯ ಕಲ್ಲಿನ ಮೇಲೆ ಏನು ಬೆಳೆದಿದೆ ಎಂದು ನೋಡುವವರು ಕಡಿಮೆ, ಜಾರಿ ಬಿದ್ದವರ ಹೊರತು. ಮರಳಿನ ದಂಡೆಯಲ್ಲಿ ಪಾಚಿಗೆ ಹಿಡಿತ ಸಿಗುವುದಿಲ್ಲ. ಅದಕ್ಕೆ ಬೇರಿಲ್ಲ, ಕಲ್ಲಿಗೆ ಅಂಟಿಕೊಳ್ಳುವ ಒಂದು ಹಿಡಿಕೆಯಷ್ಟೇ. ಆದ್ದರಿಂದ ಕರ್ನಾಟಕದ ಕರಾವಳಿಯಲ್ಲಿ ಪಾಚಿ ಸಿಗುವುದು ಕಾರವಾರ, ಭಟ್ಕಳ, ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪ, ಕಾಪು, ಸೋಮೇಶ್ವರದಂಥ ಕಲ್ಲಿನ ತಾಣಗಳಲ್ಲಿ ಮಾತ್ರ. ಸೇಂಟ್ ಮೇರೀಸ್‌ನ ಕಂಬಗಲ್ಲುಗಳಿಗೆ ಎಂಟೂಮುಕ್ಕಾಲು ಕೋಟಿ ವರ್ಷ ದಾಟಿದೆ. ಅವುಗಳ ಮೇಲಿನ ಪಾಚಿಗೆ ಎಂಟೊಂಬತ್ತು ತಿಂಗಳು ತುಂಬುವುದೂ ಕಷ್ಟ. ಮಳೆಗಾಲದ ಅಲೆ ಅದನ್ನು ಕಿತ್ತೊಗೆಯುತ್ತದೆ, ನದಿಗಳು ತಂದು ಸುರಿಯುವ ಸಿಹಿನೀರು ಕಡಲಿನ ಉಪ್ಪನ್ನು ಇಳಿಸುತ್ತದೆ. ಮಳೆ ನಿಂತು ನೀರು ತಿಳಿಯಾದ ಮೇಲೆ ಎಳೆಹಸಿರು ಹಾಳೆಯಂಥ ಉಲ್ವಾ, ಬೀಸಣಿಗೆಯಾಕಾರದ ಪಡೈನಾ, ಕಂದುಬಣ್ಣದ ಸರ್ಗಾಸಮ್, ಕವಲೊಡೆದ ಕೆಂಪು ಗ್ರಾಸಿಲೇರಿಯಾ ಮತ್ತೆ ತಲೆಯೆತ್ತುತ್ತವೆ.

ಇಂಥ ಜಾಗದಲ್ಲಿ ಬದುಕುವ ಜೀವಿಗೆ ರಸಾಯನಶಾಸ್ತ್ರ ಗೊತ್ತಿಲ್ಲದೆ ವಿಧಿಯಿಲ್ಲ. ಒಂದು ಮಿಲಿಲೀಟರ್ ಕಡಲ ನೀರಿನಲ್ಲಿ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಾ, ಅದರ ಹತ್ತು ಪಟ್ಟು ವೈರಸ್ ಇರುತ್ತವೆ. ಪಾಚಿಗೆ ಓಡಿಹೋಗಲು ಕಾಲಿಲ್ಲ, ನಮ್ಮ ಬಿಳಿ ರಕ್ತಕಣದಂಥ ಕಾವಲುಪಡೆಯೂ ಇಲ್ಲ. ಮೈಯನ್ನು ಬ್ಯಾಕ್ಟೀರಿಯಾ, ಶಿಲೀಂಧ್ರ, ಚಿಪ್ಪುಜೀವಿಗಳ ಮರಿಗಳು ಆವರಿಸಿದರೆ ಬಿಸಿಲು ಸಿಗದೆ ಸಾಯಬೇಕು. ಹಾಗಾಗಿ ಅದು ಮೈಯಲ್ಲೇ ಆಯುಧ ಕಟ್ಟಿಕೊಂಡಿದೆ. ಕಂದು ಪಾಚಿಗಳಲ್ಲಿ ಫ್ಲೋರೊಟ್ಯಾನಿನ್ ಎಂಬ ಒಗರಿನ ಪದಾರ್ಥಗಳಿವೆ. ಕೆಂಪು ಪಾಚಿಗಳು ಇನ್ನೂ ಜಾಣ: ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 65 ಮಿಲಿಗ್ರಾಂನಷ್ಟಿರುವ ಬ್ರೋಮಿನ್ ಅಂಶವನ್ನು ಹೆಕ್ಕಿ ಇಂಗಾಲದ ಸರಪಳಿಗೆ ಜೋಡಿಸಿ ನೆಲದ ಗಿಡಗಳಲ್ಲಿ ಬಲು ಅಪರೂಪವಾದ ಸಂಯುಕ್ತಗಳನ್ನು ತಯಾರಿಸುತ್ತವೆ. ವಿಚಿತ್ರವೆಂದರೆ ಪಾಚಿ ಎಲ್ಲ ಬ್ಯಾಕ್ಟೀರಿಯಾವನ್ನೂ ಅಟ್ಟುವುದಿಲ್ಲ. ಉಲ್ವಾವನ್ನು ಬ್ಯಾಕ್ಟೀರಿಯಾವೇ ಇಲ್ಲದ ನೀರಿನಲ್ಲಿ ಬೆಳೆಸಿದರೆ ಅದಕ್ಕೆ ಹಾಳೆಯ ಆಕಾರವೇ ಬರುವುದಿಲ್ಲ, ಜೀವಕೋಶಗಳ ಮುದ್ದೆಯಾಗಿ ಉಳಿಯುತ್ತದೆ. ಬೇಕಾದವರನ್ನು ಇಟ್ಟುಕೊಂಡು ಬೇಡದವರನ್ನು ದೂರವಿಡುವ ಈ ವಿದ್ಯೆ ಮನುಷ್ಯ ತಯಾರಿಸಿದ ಸೋಂಕುನಾಶಕಗಳಿಗೆ ಇನ್ನೂ ಬಂದಿಲ್ಲ. ಪಾಚಿಯ ‘ಸ್ವಂತ’ ಎಂದುಕೊಂಡ ಕೆಲವು ಸಂಯುಕ್ತಗಳನ್ನು ತಯಾರಿಸುವುದು ಅದರ ಮೈಮೇಲಿನ ಬ್ಯಾಕ್ಟೀರಿಯಾವೇ ಎಂಬುದೂ ಈಚೆಗೆ ಗೊತ್ತಾಗಿದೆ.

ಭಾರತದಲ್ಲಿ ಈ ಹುಡುಕಾಟಕ್ಕೆ ವಯಸ್ಸಾಗಿದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಮತ್ತು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಭಾರತದ ಕರಾವಳಿಯ ಕಡಲಸಸ್ಯಗಳ ಸಾರವನ್ನು ಪರೀಕ್ಷಿಸಿ 1980ರ ದಶಕದ ಆರಂಭದಲ್ಲೇ ಫಲಿತಾಂಶ ಪ್ರಕಟಿಸಿದ್ದರು. ಅದಾದ ಮೇಲೆ ಕರಾವಳಿಯುದ್ದಕ್ಕೂ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಇದೇ ಬಗೆಯ ಪ್ರಬಂಧಗಳು ಬಂದಿವೆ. ವಿಧಾನ ಹೆಚ್ಚುಕಡಿಮೆ ಒಂದೇ. ಪಾಚಿಯನ್ನು ತೊಳೆದು, ನೆರಳಲ್ಲಿ ಒಣಗಿಸಿ, ಪುಡಿಮಾಡಿ, ಮೆಥನಾಲ್‌ನಲ್ಲೋ ಕ್ಲೋರೋಫಾರ್ಮ್‌ನಲ್ಲೋ ನೆನೆಹಾಕಿ ಸಾರ ತೆಗೆಯುವುದು. ಅದನ್ನು ಅಗರ್ ತಟ್ಟೆಯಲ್ಲಿಟ್ಟು ತಿಳಿವೃತ್ತವನ್ನು ಅಳೆಯುವುದು. (ರಾಸಾಯನಿಕಕ್ಕೆ ಪರ್ಯಾಯ ಹುಡುಕಲು ಮೊದಲು ಒಂದು ಲೀಟರ್ ಕ್ಲೋರೋಫಾರ್ಮ್ ಬೇಕಾಗುತ್ತದೆ ಎಂಬುದು ಆ ವಲಯದವರೇ ಆಡುವ ತಮಾಷೆಯಾದರೂ ಸುಳ್ಳಲ್ಲ.) ವೃತ್ತ ಮೂಡುತ್ತದೆ, ಪ್ರಬಂಧ ಅಚ್ಚಾಗುತ್ತದೆ, ಪತ್ರಿಕೆಯಲ್ಲಿ ‘ಕಡಲಪಾಚಿಯಿಂದ ಸೂಪರ್‌ಬಗ್‌ಗೆ ಮದ್ದು’ ಎಂಬ ತಲೆಬರಹ ಬರುತ್ತದೆ. ಇಷ್ಟಾಗಿಯೂ ಪಾಚಿಯಿಂದ ಬಂದ ಒಂದೇ ಒಂದು ನುಂಗುವ ಅಥವಾ ಚುಚ್ಚುವ ಆ್ಯಂಟಿಬಯಾಟಿಕ್ ಇಂದಿನವರೆಗೆ ಮೆಡಿಕಲ್ ಶಾಪಿನ ಕಪಾಟು ಸೇರಿಲ್ಲ.

ಯಾಕೆಂಬುದು ಪ್ರಮಾಣದ ಲೆಕ್ಕದಲ್ಲಿದೆ. ಒಳ್ಳೆಯ ಆ್ಯಂಟಿಬಯಾಟಿಕ್ ಒಂದು ಮಿಲಿಲೀಟರ್ ದ್ರವದಲ್ಲಿ ಒಂದೆರಡು ಮೈಕ್ರೋಗ್ರಾಂ ಇದ್ದರೂ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಪಾಚಿಯ ಕಚ್ಚಾ ಸಾರಕ್ಕೆ ಅನೇಕ ವೇಳೆ ಮಿಲಿಗ್ರಾಂಗಟ್ಟಲೆ ಬೇಕು, ಅಂದರೆ ಸಾವಿರ ಪಟ್ಟು. ಅಷ್ಟು ಪ್ರಮಾಣದಲ್ಲಿ ತಟ್ಟೆಯ ಮೇಲೆ ಸುರಿದರೆ ನಮ್ಮ ಮನೆಯ ಎಷ್ಟೋ ಸಾಂಬಾರ ಪದಾರ್ಥಗಳೂ ವೃತ್ತ ಮೂಡಿಸುತ್ತವೆ. ರೋಗಿಯ ರಕ್ತದಲ್ಲಿ ಆ ಮಟ್ಟವನ್ನು ಮುಟ್ಟಿಸುವುದು ಆಗದ ಮಾತು. ಇನ್ನೊಂದು ಅಡ್ಡಿ ಬ್ಯಾಕ್ಟೀರಿಯಾದ ಕವಚದ್ದು. ಚರ್ಮದ ಕುರು, ಕೀವಿಗೆ ಕಾರಣವಾಗುವ ಸ್ಟೆಫೈಲೋಕಾಕಸ್‌ನಂಥವು ಪಾಚಿಯ ಸಾರಕ್ಕೆ ಬೇಗ ಮಣಿಯುತ್ತವೆ. ಐಸಿಯುಗಳಲ್ಲಿ ವೈದ್ಯರ ನಿದ್ದೆ ಕೆಡಿಸುವ ಕ್ಲೆಬ್ಸಿಯೆಲ್ಲಾ, ಸೂಡೋಮೋನಾಸ್‌ಗಳಿಗೆ ಹೊರಗಡೆ ಇನ್ನೊಂದು ಪೊರೆಯಿದೆ. ಅದನ್ನು ದಾಟುವುದು ಈ ಸಂಯುಕ್ತಗಳಲ್ಲಿ ಹೆಚ್ಚಿನವಕ್ಕೆ ಆಗುವುದಿಲ್ಲ. 1953ರಿಂದ ಮಣಿಪಾಲದಲ್ಲಿರುವ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಂಥ ದೊಡ್ಡ ಆಸ್ಪತ್ರೆಗೆ ಬೇಕಿರುವುದು ನಿಖರವಾಗಿ ಈ ಎರಡನೆಯ ಗುಂಪಿಗೆ ನಾಟುವ ಮದ್ದು.

ಕಡಲೇ ಬರಡು ಎಂದಲ್ಲ. ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಜುಸೆಪ್ಪೆ ಬ್ರೋಟ್ಸು 1945ರಲ್ಲಿ ಊರ ಕೊಳಚೆ ಕಡಲಿಗೆ ಸೇರುವ ಜಾಗದ ನೀರಿನಿಂದ ಒಂದು ಶಿಲೀಂಧ್ರವನ್ನು ಬೇರ್ಪಡಿಸಿದರು. ಇಂದು ಆಸ್ಪತ್ರೆಗೆ ಸೇರಿದ ಎಷ್ಟೋ ರೋಗಿಗಳ ಚೀಟಿಯಲ್ಲಿ ಕಾಣುವ ಸೆಫ್‌ಟ್ರಯಾಕ್ಸೋನ್ ಮುಂತಾದ ಸೆಫಲೋಸ್ಪೋರಿನ್‌ಗಳ ಮೂಲಪುರುಷ ಆ ಶಿಲೀಂಧ್ರ.

ಪಾಚಿಯದ್ದೂ ಒಂದು ದೊಡ್ಡ ಗೆಲುವಿದೆ, ಅದು ನಮ್ಮ ಕಣ್ಣೆದುರೇ ಇದ್ದೂ ಮರೆತುಹೋಗಿದೆ. 1811ರಲ್ಲಿ, ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ, ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪು ತಯಾರಿಸುತ್ತಿದ್ದ ಬರ್ನಾರ್ಡ್ ಕೂರ್ಟ್ವಾ ಕಡಲಪಾಚಿ ಸುಟ್ಟ ಬೂದಿಗೆ ಗಂಧಕಾಮ್ಲ ಕೊಂಚ ಹೆಚ್ಚು ಸುರಿದಾಗ ನೇರಳೆ ಬಣ್ಣದ ಆವಿ ಎದ್ದಿತು. ತಣ್ಣಗಾದಾಗ ಅದು ಕಪ್ಪು ಹರಳಾಯಿತು. ಅದೇ ಅಯೋಡಿನ್. ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ ಅದರಿಂದ ಬಂತು. ಉರಿ ಕಡಿಮೆ ಮಾಡಿದ ಪೊವಿಡೋನ್ ಅಯೋಡಿನ್ 1950ರ ದಶಕದಲ್ಲಿ ಬಂತು. ಆಪರೇಷನ್‌ಗೆ ಮೊದಲು ರೋಗಿಯ ಹೊಟ್ಟೆಗೆ ಬಳಿಯುವ ಕಂದು ದ್ರವ ಅದೇ. ಎರಡು ಶತಮಾನ ಕಳೆದರೂ ಅಯೋಡಿನ್‌ಗೆ ಗಣನೀಯವಾಗಿ ಒಗ್ಗಿಹೋದ ಬ್ಯಾಕ್ಟೀರಿಯಾ ಹುಟ್ಟಿಲ್ಲ. ಅದು ಒಂದೇ ಗುರಿಗೆ ಹೊಡೆಯದೆ ಸಿಕ್ಕಸಿಕ್ಕ ಕಡೆಯೆಲ್ಲ ಹೊಡೆಯುವುದರಿಂದ ಬ್ಯಾಕ್ಟೀರಿಯಾಕ್ಕೆ ತಪ್ಪಿಸಿಕೊಳ್ಳುವ ದಾರಿ ಹೊಳೆಯುವುದಿಲ್ಲ. ಆದರೆ ಇಂದಿನ ಅಯೋಡಿನ್ ಪಾಚಿಯಿಂದ ಬರುತ್ತಿಲ್ಲ. ಚಿಲಿಯ ಮರುಭೂಮಿಯ ಖನಿಜ ಮತ್ತು ಜಪಾನಿನ ನೆಲದಡಿಯ ಉಪ್ಪುನೀರು ಅಗ್ಗವಾದವು, ಪಾಚಿ ಸುಡುವ ಕುಲುಮೆಗಳು ಆರಿದವು. ಅಯೋಡಿನ್ನಿನ ಆ ದೊಡ್ಡ ಭಂಡಾರವಿದ್ದದ್ದು ತಣ್ಣೀರಿನ ಕೆಲ್ಪ್ ಜಾತಿಗಳಲ್ಲಿ. ಕಾಪುವಿನ ಬೆಚ್ಚನೆ ನೀರಿನಲ್ಲಿ ಅವು ಬೆಳೆಯುವುದೂ ಇಲ್ಲ.

ಪಾಚಿಯ ಇನ್ನೊಂದು ಕೊಡುಗೆ ಆಲ್ಜಿನೇಟ್. ಕಂದು ಪಾಚಿಯಿಂದ ಇದನ್ನು ತೆಗೆಯುವ ವಿಧಾನಕ್ಕೆ ಇಂಗ್ಲಿಷ್ ರಸಾಯನಜ್ಞ ಸ್ಟ್ಯಾನ್‌ಫರ್ಡ್ ಪೇಟೆಂಟ್ ಪಡೆದದ್ದು 1881ರಲ್ಲಿ, ಫ್ಯಾನಿ ಹೆಸ್ಸೆಯ ಕಾಲದಲ್ಲೇ. ರಸಿಕೆ ಸುರಿಯುವ ಗಾಯಕ್ಕೆ ಆಲ್ಜಿನೇಟ್ ಪಟ್ಟಿ ಕಟ್ಟಿದರೆ ಅದು ರಸಿಕೆಯನ್ನು ಹೀರಿ ಜೆಲ್ ಆಗುತ್ತದೆ, ಗಾಯಕ್ಕೆ ಅಂಟುವುದಿಲ್ಲ. ಹಲ್ಲಿನ ಡಾಕ್ಟರು ಕಟ್ಟುಹಲ್ಲಿಗೆ ಅಚ್ಚು ತೆಗೆಯುವಾಗ ಬಾಯಿಗೆ ತುಂಬುವ ಪೇಸ್ಟೂ ಆಲ್ಜಿನೇಟೇ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಅಗರ್ ಬರುವುದು ನಿಂತಾಗ ಅದರ ಜಾಗಕ್ಕೆ ಬಂದ ಪದಾರ್ಥ ಇದು. ಮಣಿಪಾಲದ ದಂತವೈದ್ಯ ಕಾಲೇಜಿಗೆ ಹೋಗಿಬಂದ ಎಷ್ಟೋ ಅಜ್ಜ ಅಜ್ಜಿಯರು ತಮಗೆ ಗೊತ್ತಿಲ್ಲದೆ ಪಾಚಿ ಕಚ್ಚಿ ಬಂದವರು. ಆಲ್ಜಿನೇಟ್ ತಾನಾಗಿ ರೋಗಾಣುವನ್ನು ಹೆಚ್ಚೇನೂ ಕೊಲ್ಲುವುದಿಲ್ಲ, ಹಾಗಾಗಿ ಪಟ್ಟಿಗೆ ಬೆಳ್ಳಿಯ ಅಂಶ ಬೆರೆಸುವುದುಂಟು.

ಕೊಲ್ಲದೆಯೂ ಸೋಲಿಸುವ ಉಪಾಯವೊಂದು ಆಸ್ಟ್ರೇಲಿಯಾದ ಪಾಚಿಯೊಂದರಲ್ಲಿ ಸಿಕ್ಕಿತು. ಈ ವಿಷಯದಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ ಅಧ್ಯಾಯ ಇದೇ. ಸಿಡ್ನಿ ಕರಾವಳಿಯಲ್ಲಿ ಡೆಲಿಸಿಯಾ ಪುಲ್‌ಕ್ರಾ ಎಂಬ ಕೆಂಪು ಪಾಚಿಯ ಮೈ ಸುತ್ತಲಿನ ಪಾಚಿಗಳಿಗಿಂತ ಸ್ವಚ್ಛವಾಗಿರುವುದನ್ನು ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸ್ಟಾಫನ್ ಶೆಲ್‌ಬರ್ಗ್ ಮತ್ತು ಪೀಟರ್ ಸ್ಟೈನ್‌ಬರ್ಗ್ ಗಮನಿಸಿದರು. 1990ರ ದಶಕದಲ್ಲಿ ಅವರ ತಂಡ ಕಾರಣ ಕಂಡುಕೊಂಡಿತು. ಬ್ಯಾಕ್ಟೀರಿಯಾಗಳು ಒಂಟಿಯಾಗಿ ದಾಳಿ ಮಾಡುವುದಿಲ್ಲ. ಪ್ರತಿಯೊಂದೂ ಸಣ್ಣ ರಾಸಾಯನಿಕ ಸಂಕೇತವೊಂದನ್ನು ಹೊರಬಿಡುತ್ತದೆ. ಸುತ್ತಲಿನ ಸಂಕೇತ ಒಂದು ಮಟ್ಟ ದಾಟಿದಾಗ ‘ನಾವು ಸಾಕಷ್ಟು ಜನ ಸೇರಿದ್ದೇವೆ’ ಎಂದು ಅರಿತು ಒಟ್ಟಾಗಿ ಅಂಟುಪೊರೆ ಕಟ್ಟುತ್ತವೆ, ವಿಷ ಉಗುಳುತ್ತವೆ. ಸಹಕಾರಿ ಸಂಘದ ಮಹಾಸಭೆಯಲ್ಲಿ ಕೋರಂ ಆಗದೆ ನಿರ್ಣಯ ಅಂಗೀಕಾರವಾಗದಲ್ಲ, ಅದೇ ಲೆಕ್ಕ. ವಿಜ್ಞಾನಿಗಳು ಇದಕ್ಕೆ ಕೋರಂ ಸೆನ್ಸಿಂಗ್ ಎಂದೇ ಕರೆಯುತ್ತಾರೆ. ಡೆಲಿಸಿಯಾ ತಯಾರಿಸುವ ಬ್ರೋಮಿನ್‌ಯುಕ್ತ ಫ್ಯುರನೋನ್‌ಗಳು ಆ ಸಂಕೇತವನ್ನೇ ಹೋಲುತ್ತವೆ, ಹೋಗಿ ಅದರ ಜಾಗದಲ್ಲಿ ಕೂರುತ್ತವೆ. ಹಾಜರಾತಿ ಪುಸ್ತಕವೇ ಕಾಣೆ. ಬ್ಯಾಕ್ಟೀರಿಯಾ ಬದುಕಿಯೇ ಇರುತ್ತದೆ, ಒಗ್ಗಟ್ಟು ಮಾತ್ರ ಆಗುವುದಿಲ್ಲ. ಸಾಯಿಸದೆ ಇರುವುದರಿಂದ ಮದ್ದಿಗೆ ಒಗ್ಗಿಕೊಳ್ಳುವ ಒತ್ತಡವೂ ಅದರ ಮೇಲೆ ಕಡಿಮೆ ಎಂಬುದು ಇಲ್ಲಿನ ಆಸೆ.

ಆ ಆಸೆಯ ಬೆನ್ನು ಹತ್ತಿ ಕಂಪನಿ ಹುಟ್ಟಿತು, ಕಾಂಟ್ಯಾಕ್ಟ್ ಲೆನ್ಸಿಗೆ ಲೇಪಿಸಿ ನೋಡಿದ್ದೂ ಆಯಿತು. ಸಹಜ ಫ್ಯುರನೋನ್‌ಗಳು ಮನುಷ್ಯನ ಜೀವಕೋಶಕ್ಕೂ ಒಗ್ಗದಷ್ಟು ಚುರುಕಾದ್ದರಿಂದ ಅವು ಮದ್ದಿನ ರೂಪ ತಾಳಲಿಲ್ಲ. ಆದರೂ ಅದು ತೆರೆದ ದಾರಿ ಮುಚ್ಚಿಲ್ಲ, ಮತ್ತು ಮಲ್ಪೆಯಂಥ ಬಂದರಿಗೆ ಅದರಲ್ಲಿ ಆಸಕ್ತಿಯ ವಿಷಯವಿದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆಯ ಬೋಟುಗಳ ರಿಪೇರಿ, ತಳ ಕೆರೆಯುವುದು, ಬಣ್ಣ ಬಳಿಯುವುದು ನಡೆಯುವ ಹೊತ್ತು. ನೀರಿನಲ್ಲಿ ಮುಳುಗಿದ ತಳಕ್ಕೆ ಮೊದಲು ಅಂಟುವುದು ಬ್ಯಾಕ್ಟೀರಿಯಾದ ಲೋಳೆ, ಆಮೇಲೆ ಪಾಚಿ, ಕಡೆಗೆ ಬಾರ್ನಕಲ್, ಪಚ್ಚಿಲೆ ಮುಂತಾದ ಚಿಪ್ಪುಗಳು. ತಳ ಒರಟಾದರೆ ಡೀಸೆಲ್ ಹೆಚ್ಚು ಉರಿಯುತ್ತದೆ. ಇದನ್ನು ತಡೆಯಲು ಒಂದು ಕಾಲದಲ್ಲಿ ಜಗತ್ತಿನ ಹಡಗುಗಳು ಟ್ರೈಬ್ಯುಟೈಲ್ ಟಿನ್ ಬೆರೆತ ಬಣ್ಣ ಬಳಿಯುತ್ತಿದ್ದವು. ಬಣ್ಣವೇನೋ ಅದ್ಭುತ. ಆದರೆ ಫ್ರಾನ್ಸಿನ ಆರ್ಕಶೋಂ ಕೊಲ್ಲಿಯಲ್ಲಿ ಸಿಂಪಿಗಳ ಮರಿ ಉಳಿಯಲಿಲ್ಲ, ಚಿಪ್ಪು ಸೊಟ್ಟಗಾಯಿತು. ಕಡಲ ಶಂಖದ ಹುಳುಗಳಲ್ಲಿ ಹೆಣ್ಣಿಗೆ ಗಂಡಿನ ಅಂಗ ಮೂಡಿತು. ಸಣ್ಣ ದೋಣಿಗಳಿಗೆ ಅದನ್ನು ಬಳಿಯುವುದನ್ನು ಫ್ರಾನ್ಸ್ 1982ರಲ್ಲಿ ನಿಷೇಧಿಸಿತು. ಅಂತಾರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಗಿ 2008ರಲ್ಲಿ ಜಾರಿಗೆ ಬಂತು. ಈಗಿನ ಬಣ್ಣಗಳಲ್ಲಿ ಹೆಚ್ಚಿನವುಗಳ ಆಧಾರ ತಾಮ್ರ, ಅದೂ ಬಂದರಿನ ಕೆಸರಿಗೇ ಸೇರುತ್ತದೆ. ಮೊದಲ ದಿನದ ಲೋಳೆಯನ್ನೇ ತಡೆಯುವ ಪಾಚಿಮೂಲದ ಲೇಪ ಬಂದರೆ ನುಂಗುವ ಮದ್ದಿನಷ್ಟು ಕಠಿಣ ಪರೀಕ್ಷೆ ಅದಕ್ಕೆ ಬೇಕಿಲ್ಲ. ಸಮಸ್ಯೆ ಒಂದೇ: ವರ್ಷವಿಡೀ ನೀರಿನಲ್ಲಿ ನಿಂತು ಸ್ವಲ್ಪಸ್ವಲ್ಪವೇ ಹೊರಬರುವಂತೆ ಅದನ್ನು ಬಣ್ಣದೊಳಗೆ ಹಿಡಿದಿಡುವುದು. ಪಾಚಿಯಾದರೆ ದಿನದಿನವೂ ಹೊಸದಾಗಿ ತಯಾರಿಸಿಕೊಳ್ಳುತ್ತದೆ, ಬಣ್ಣಕ್ಕೆ ಆ ಭಾಗ್ಯವಿಲ್ಲ.

ಬೋಟಿನಿಂದ ಇಳಿದ ಬಂಗುಡೆ, ಬೂತಾಯಿಗಳದ್ದೂ ಸೂಕ್ಷ್ಮಾಣುವಿನದೇ ಕಥೆ. 2018ರಲ್ಲಿ ಕೇರಳ ಮತ್ತು ಗೋವಾಗಳಲ್ಲಿ ಹೊರಗಿನಿಂದ ಬಂದ ಮೀನಿಗೆ ಫಾರ್ಮಾಲಿನ್ ಬೆರೆಸಿದ ಸುದ್ದಿ ಗದ್ದಲವೆಬ್ಬಿಸಿ ಕರಾವಳಿಯ ಮಾರುಕಟ್ಟೆಗಳನ್ನೆಲ್ಲ ಅಲ್ಲಾಡಿಸಿತು. ಸ್ಪೇನಿನ ಸಂಶೋಧಕರು ಫ್ಯೂಕಸ್ ಎಂಬ ಕಂದು ಪಾಚಿಯ ಸಾರವನ್ನು ಮಂಜುಗಡ್ಡೆ ಮಾಡುವ ನೀರಿಗೇ ಬೆರೆಸಿ, ಆ ಐಸಿನಲ್ಲಿಟ್ಟ ಮೀನಿನಲ್ಲಿ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವುದನ್ನು ತೋರಿಸಿದ್ದಾರೆ. ಐಸ್ ಪ್ಲಾಂಟಿನಲ್ಲೇ ಮಾಡಬಹುದಾದ ಕೆಲಸ, ಹೊಸ ಯಂತ್ರ ಬೇಡ. ಆದರೆ ಮೀನನ್ನು ಬೇಗ ಐಸಿಗೆ ಹಾಕದೆ ಬಿಸಿಲಲ್ಲಿಟ್ಟವರಿಗೆ ಯಾವ ಪಾಚಿಯೂ ನೆರವಾಗದು.

ಕರಾವಳಿ ಬಿಟ್ಟು ಘಟ್ಟದ ಬುಡಕ್ಕೆ, ಕಾರ್ಕಳದತ್ತ ಬಂದರೆ ರೋಗಾಣು ಬೇರೆ, ರಾಸಾಯನಿಕ ಬೇರೆ. ವರ್ಷಕ್ಕೆ 4,000 ಮಿಲಿಮೀಟರ್ ದಾಟುವ ಮಳೆಯಲ್ಲಿ ಅಡಿಕೆ ಗೊನೆಗೆ ಬರುವ ಕೊಳೆರೋಗ ಅಥವಾ ಮಹಾಳಿಗೆ ಕಾರಣ ಫೈಟಾಫ್ತೊರಾ ಎಂಬ ಜೀವಿ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ವಿವರವಾಗಿ ಬರೆದರು, ಬೋರ್ಡೋ ದ್ರಾವಣದ ಬಳಕೆಯನ್ನು ಬೆಳೆಗಾರರಿಗೆ ಕಲಿಸಿದರು. ಅದಕ್ಕೂ ಮುಂಚೆ ಇದ್ದದ್ದು ಹಾಳೆಯ ಕೊಟ್ಟೆ ಕಟ್ಟಿ ಗೊನೆಗೆ ಮಳೆ ತಾಗದಂತೆ ಮಾಡುವ ಪದ್ಧತಿ, ಯಾವ ರಾಸಾಯನಿಕವೂ ಇಲ್ಲದ್ದು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ನೂರು ವರ್ಷವಾದರೂ ಬೋರ್ಡೋ ದ್ರಾವಣದ ಪಾಕ ಬದಲಾಗಿಲ್ಲ. ಮಳೆಗೆ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ ‘ಮದ್ದು ಬಿಡುವ’ ಕೆಲಸ. ತಾಮ್ರ ಕೊಳೆಯುವುದಿಲ್ಲ, ತೋಟದ ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಸೇರುತ್ತದೆ. ಯುರೋಪು ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ತಾಮ್ರದ ಮಿತಿ ಹಾಕಿಕೊಂಡಿದೆ.

ಫ್ರಾನ್ಸಿನ ಬ್ರಿಟನಿ ತೀರದ ಕಂಪನಿಯೊಂದು 2000ರ ದಶಕದ ಮೊದಲಲ್ಲಿ ಮಾರುಕಟ್ಟೆಗೆ ತಂದ ಲ್ಯಾಮಿನರಿನ್ ಇಲ್ಲಿ ನೆನಪಾಗುತ್ತದೆ. ಕಂದು ಪಾಚಿಯ ಸಕ್ಕರೆ ಅದು, ಒಂದು ಶಿಲೀಂಧ್ರವನ್ನೂ ಕೊಲ್ಲುವುದಿಲ್ಲ. ಅದರ ರಚನೆ ಶಿಲೀಂಧ್ರ, ಫೈಟಾಫ್ತೊರಾಗಳ ಕೋಶಭಿತ್ತಿಯ ತುಣುಕನ್ನು ಹೋಲುತ್ತದೆ. ಸಿಂಪಡಿಸಿದಾಗ ಗಿಡ ‘ರೋಗ ಬಂತು’ ಎಂದುಕೊಂಡು ತನ್ನ ರಕ್ಷಣೆಯನ್ನು ಮೊದಲೇ ಸಜ್ಜುಗೊಳಿಸುತ್ತದೆ. ಗೋಧಿ, ಸೇಬು, ಸ್ಟ್ರಾಬೆರಿಗಳಲ್ಲಿ ಬಳಕೆಯಿದೆ. ಕಾರ್ಕಳದ ಜಡಿಮಳೆಯಲ್ಲಿ, ಅಡಿಕೆಯಂಥ ಮರದಲ್ಲಿ ಅದು ತಾಮ್ರಕ್ಕೆ ಸಮನಾಗಿ ನಿಲ್ಲುತ್ತದೆಂದು ಯಾರಾದರೂ ಹೇಳಿದರೆ ತೋಟದವರು ಒಂದು ಮಳೆಗಾಲ ಕಾದು ನೋಡುವುದು ಲೇಸು. ನಮ್ಮ ಅಂಗಡಿಗಳಲ್ಲಿ ಸಿಗುವ ಇಫ್ಕೋದ ಸಾಗರಿಕಾ ಮುಂತಾದ ಪಾಚಿಸಾರಗಳು ಬೆಳವಣಿಗೆಗೆ ಚೇತನ ಕೊಡುವ ಜೈವಿಕ ಉತ್ತೇಜಕಗಳು. 2021ರಿಂದ ಇಂಥವು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿವೆ. ಕೊಳೆರೋಗದ ಮದ್ದೆಂದು ಅವನ್ನು ಕೊಂಡರೆ ತಪ್ಪು ಕೊಂಡವರದೇ.

ಮನುಷ್ಯರ ಮೇಲಿನ ಪ್ರಯೋಗಗಳ ಫಲವೂ ಬೆರಕೆ. ಕೆಂಪು ಪಾಚಿಯ ಕ್ಯಾರಜೀನನ್ ಪ್ರಯೋಗಾಲಯದಲ್ಲಿ ಎಚ್‌ಐವಿಯನ್ನು ತಡೆಯಿತು. ಆ ಭರವಸೆಯಿಂದ ದಕ್ಷಿಣ ಆಫ್ರಿಕಾದಲ್ಲಿ 6,202 ಮಹಿಳೆಯರಲ್ಲಿ ಕ್ಯಾರಜೀನನ್ ಜೆಲ್ಲನ್ನು ಪರೀಕ್ಷಿಸಲಾಯಿತು. 2008ರಲ್ಲಿ ಬಂದ ಫಲಿತಾಂಶ: ಅಪಾಯವಿಲ್ಲ, ಪ್ರಯೋಜನವೂ ಇಲ್ಲ. ಅದೇ ಕುಟುಂಬದ ಅಯೋಟಾ ಕ್ಯಾರಜೀನನ್ನನ್ನು ಮೂಗಿಗೆ ಸಿಂಪಡಿಸಿಕೊಂಡ ಅರ್ಜೆಂಟೀನಾದ ಆಸ್ಪತ್ರೆ ಸಿಬ್ಬಂದಿಯ 196 ಮಂದಿಯಲ್ಲಿ ಇಬ್ಬರಿಗೆ ಕೋವಿಡ್ ಬಂದರೆ, ಮದ್ದಿಲ್ಲದ ಬರಿಯ ಸ್ಪ್ರೇ ಹಾಕಿಕೊಂಡ 198 ಮಂದಿಯಲ್ಲಿ ಹತ್ತು ಜನಕ್ಕೆ ಬಂತು. ಸಂಖ್ಯೆ ಚಿಕ್ಕದು, ದಿಕ್ಕು ಒಳ್ಳೆಯದು. ಎರಡೂ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಬೇಕು. ಪಾಚಿಯ ಪ್ಯಾಕೆಟ್ ಮಾರುವವರು ಎರಡನೆಯದನ್ನಷ್ಟೇ ಹೇಳುತ್ತಾರೆ.

‘ನೈಸರ್ಗಿಕ, ಆದ್ದರಿಂದ ನಿರಪಾಯ’ ಎಂಬ ಮಾತಿಗೆ ಪಾಚಿಗಳಷ್ಟು ಚೆನ್ನಾಗಿ ಉತ್ತರ ಕೊಟ್ಟವರಿಲ್ಲ. ದನಗಳ ಮೀಥೇನ್ ಇಳಿಸಲು ಹೆಸರಾದ ಆಸ್ಪರಗಾಪ್ಸಿಸ್ ಪಾಚಿಯಲ್ಲಿರುವ ಸಕ್ರಿಯ ವಸ್ತು ಬ್ರೋಮೋಫಾರ್ಮ್, ಪ್ರಾಣಿಪ್ರಯೋಗಗಳಲ್ಲಿ ಕ್ಯಾನ್ಸರ್ ತಂದದ್ದು. ಜಪಾನಿನಲ್ಲಿ ಜಂತುಹುಳಕ್ಕೆ ಕೊಡುತ್ತಿದ್ದ ಡಿಜೀನಿಯಾ ಪಾಚಿಯಿಂದ 1953ರಲ್ಲಿ ಬೇರ್ಪಡಿಸಿದ ಕೈನಿಕ್ ಆಮ್ಲ ಹುಳವನ್ನೇನೋ ಬೀಳಿಸಿತು. ಈಗ ಅದನ್ನು ಇಲಿಗಳಲ್ಲಿ ಅಪಸ್ಮಾರ ಬರಿಸಲು ನರವಿಜ್ಞಾನಿಗಳು ಬಳಸುತ್ತಾರೆ. ಹಿಜಿಕಿ ಎಂಬ ಪಾಚಿಯಲ್ಲಿ ಆರ್ಸೆನಿಕ್ ಹೆಚ್ಚಿದೆಯೆಂದು 2004ರಲ್ಲಿ ಬ್ರಿಟನ್ ಅದನ್ನು ತಿನ್ನಬೇಡಿ ಎಂದು ಜನರಿಗೆ ಹೇಳಿತು. ಪಾಚಿಗಳು ನೀರಿನಲ್ಲಿರುವ ಭಾರಲೋಹಗಳನ್ನು ಹೀರಿ ಇಟ್ಟುಕೊಳ್ಳುವುದರಿಂದ ಎಲ್ಲಿಯ ಪಾಚಿ ಎಂಬುದು ಯಾವ ಪಾಚಿ ಎಂಬುದರಷ್ಟೇ ಮುಖ್ಯ.

ಇನ್ನು ಸರಕಿನ ಪ್ರಶ್ನೆ. ಹಸಿ ಪಾಚಿಯಲ್ಲಿ ಶೇಕಡಾ 85–90 ನೀರು. ಉಳಿದದ್ದರಲ್ಲಿ ಬೇಕಾದ ಸಂಯುಕ್ತ ಸಿಗುವುದು ಚಿಟಿಕೆಯಷ್ಟು. ಕಾಪುವಿನ ಬಂಡೆಗಳನ್ನು ಕೆರೆದು ಕಾರ್ಖಾನೆ ನಡೆಸಲಾಗದು, ಕೆರೆಯಲೂಬಾರದು. ಎಷ್ಟೋ ಮೀನು ಏಡಿಗಳ ಮರಿಗಳಿಗೆ ಆ ಪಾಚಿಯೇ ಮನೆ. ಬೆಳೆಸಬೇಕು. ತಮಿಳುನಾಡಿನ ರಾಮನಾಥಪುರಂ ತೀರದಲ್ಲಿ ಬಿದಿರಿನ ತೆಪ್ಪಗಳಲ್ಲಿ ಕಪ್ಪಾಫೈಕಸ್ ಪಾಚಿ ಬೆಳೆಸಿ ಮೀನುಗಾರ ಮಹಿಳೆಯರು ಸಂಪಾದಿಸುತ್ತಿದ್ದಾರೆ. ಅದು ಹೊರಗಿನ ಜಾತಿಯಾದ್ದರಿಂದ ಮನ್ನಾರ್ ಕೊಲ್ಲಿಯ ಹವಳದ ಮೇಲೆ ಹಬ್ಬಿದ್ದು 2008ರಲ್ಲಿ ವರದಿಯಾಗಿ ವಿವಾದವೂ ಆಗಿದೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯಸಂಪದ ಯೋಜನೆಯಲ್ಲಿ ಪಾಚಿ ಕೃಷಿಗೆಂದು ಕೇಂದ್ರ 640 ಕೋಟಿ ರೂಪಾಯಿ ತೆಗೆದಿಟ್ಟಿತು. ಅದರ ದೊಡ್ಡ ಪಾಲಿಗೆ ಅರ್ಹವಾದದ್ದು ಪೂರ್ವದ ಶಾಂತ ಕೊಲ್ಲಿಗಳೇ. ಉಡುಪಿಯ ತೆರೆದ ಕಡಲಿನಲ್ಲಿ ಜೂನ್ ಬಂದರೆ ತೆಪ್ಪ ಉಳಿಯುವುದಿಲ್ಲ, ವರ್ಷದಲ್ಲಿ ಸಿಗುವುದು ನವೆಂಬರಿನಿಂದ ಮೇವರೆಗಿನ ಅರ್ಧ ಹಂಗಾಮು.

ದಡದ ಮೇಲಿನ ತೊಟ್ಟಿಯಲ್ಲಿ ಬೆಳೆಸುವುದು ಇನ್ನೊಂದು ದಾರಿ. ದಕ್ಷಿಣ ಆಫ್ರಿಕಾದ ಅಬಲೋನ್ ಸಾಕಣೆ ಕೇಂದ್ರಗಳು ತಮ್ಮ ಕೊಳಚೆ ನೀರನ್ನೇ ತೊಟ್ಟಿಗೆ ಬಿಟ್ಟು ಉಲ್ವಾ ಬೆಳೆಸುತ್ತವೆ. ಪಾಚಿ ನೀರನ್ನು ಶುಚಿಮಾಡುತ್ತದೆ, ಅಬಲೋನ್‌ಗೆ ಮೇವೂ ಆಗುತ್ತದೆ. ಉಲ್ವಾ ಕಾಪುವಿನ ಕಲ್ಲಿನ ಮೇಲೆ ತಾನಾಗಿ ಬೆಳೆಯುವಂಥದ್ದು. ಕುಂದಾಪುರದ ಕಡೆ ಹಿನ್ನೀರಿನ ಸಿಗಡಿ ಕೆರೆಗಳಿವೆ. ಅಲ್ಲಿ ವಿಬ್ರಿಯೋ ಬ್ಯಾಕ್ಟೀರಿಯಾದ ಕಾಟವಿದೆ, ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ನಂಥ ಆ್ಯಂಟಿಬಯಾಟಿಕ್‌ಗಳಿಗೆ ನಿಷೇಧವೂ ಇದೆ. ಸಿಗಡಿಯ ಆಹಾರಕ್ಕೆ ಉಲ್ವಾ ಸಾರ ಬೆರೆಸಿದ ಪ್ರಯೋಗಗಳು ಭಾರತದಲ್ಲಿ ನಡೆದಿವೆ. ಉಡುಪಿ ಜಿಲ್ಲೆಯಲ್ಲಿ ಪಾಚಿಗೆ ಮೊದಲ ಗಿರಾಕಿ ಸಿಗುವುದಿದ್ದರೆ ಮಣಿಪಾಲದ ವಾರ್ಡುಗಳಿಗಿಂತ ಮೊದಲು ಈ ಕೆರೆಗಳಲ್ಲೇ ಸಿಗಬಹುದು. ಸಿಗಡಿ ಸಾಕುವವರು ಕೇಳುವುದು ಎರಡೇ ಪ್ರಶ್ನೆ: ಕಿಲೋಗೆ ಎಷ್ಟು, ಮತ್ತು ರಫ್ತಿನ ಪರೀಕ್ಷೆಯಲ್ಲಿ ಮಾಲು ಪಾಸಾಗುತ್ತದೋ ಇಲ್ಲವೋ.